ಹಿಂಗಾರಲ್ಲಿ ಪುದುಚೇರಿ: ಮಳೆ ನೋಡಿಕೊಂಡೇ ಹೊರಡುವ ಇಬ್ಬರ ಲೆಕ್ಕಾಚಾರ

ಮಳೆಯಲ್ಲಿ ಪ್ರವಾಸ ಎಂದರೆ ನಮ್ಮ ಕಡೆಯವರಿಗೆ ಜುಲೈ ತಿಂಗಳ ಮಡಿಕೇರಿ, ಆಗುಂಬೆ, ಚಿಕ್ಕಮಗಳೂರು. ಜಲಪಾತ, ಜಿಗಣೆ, ಘಾಟಿಯಲ್ಲಿ ಸಾಲುಗಟ್ಟಿ ನಿಂತ ಕಾರು. ನನಗೂ ನಮ್ಮವರಿಗೂ ಬೇಕಿದ್ದದ್ದು ಬೇರೆ. ಹೊರಗೆ ಮಳೆ ಸುರಿಯುತ್ತಿರಬೇಕು, ಆದರೆ ನಡೆದೇ ಹೋಗುವಷ್ಟು ದೂರದಲ್ಲಿ ಒಂದು ಕಾಫಿ ಹೋಟೆಲು, ಒಂದು ಪುಸ್ತಕದಂಗಡಿ, ಹೊತ್ತು ಕಳೆಯಲು ಒಂದು ಮ್ಯೂಸಿಯಂ ಇರಬೇಕು. ಕಾಡು ಬೇಡ, ಊರು ಬೇಕು. ಅದೂ ಚಳಿಗಾಲದಲ್ಲಿ, ಏಕೆಂದರೆ ಮಗಳ ಹಾಸ್ಟೆಲ್ಲು, ನನ್ನ ಶಾಲೆಯ ಪರೀಕ್ಷೆ, ಅತ್ತೆಯವರ ಕಣ್ಣಿನ ತಪಾಸಣೆ ಇವೆಲ್ಲದರ ನಡುವೆ ನಮ್ಮಿಬ್ಬರಿಗೆ ಬಿಡುವು ಸಿಗುವುದೇ ನವೆಂಬರಿನಲ್ಲಿ.

ನವೆಂಬರಿನಲ್ಲಿ ಗ್ಯಾರಂಟಿ ಮಳೆ ಬೇಕೆಂದರೆ ಪಶ್ಚಿಮಕ್ಕೆ ಬೆನ್ನು ಹಾಕಿ ಪೂರ್ವ ಕರಾವಳಿಗೆ ಹೋಗಬೇಕು. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ, ಬಂಗಾಳ ಕೊಲ್ಲಿಯ ನೀರಾವಿ ಹೊತ್ತು ತಮಿಳುನಾಡಿನ ಕರಾವಳಿಗೆ ಅಪ್ಪಳಿಸುತ್ತದೆ. ಪುದುಚೇರಿಗೆ ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೇ ಬೀಳುತ್ತದೆ, ಅದರಲ್ಲೂ ನವೆಂಬರಿನದು ಸಿಂಹಪಾಲು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಸ್ವಾತಿ, ವಿಶಾಖ, ಅನುರಾಧ ಮಳೆಗಳ ಕಾಲ.

“ವಿಶಾಖದಲ್ಲಿ ಸಮುದ್ರದ ಊರಿಗಾ? ಮಳೆ ಹಿಡ್ಕೊಂಡ್ರೆ ಏನ್ ಮಾಡ್ತೀಯೇ?” ಅಂದರು ಅತ್ತೆ.

“ಹಿಡ್ಕೊಳ್ಳಲಿ ಅಂತಾನೇ ಹೋಗ್ತಿರೋದು ಅತ್ತೆ.”

ನಾದಿನಿ ಬಂದು ಮನೆಯಲ್ಲಿ ಇರುತ್ತೇನೆಂದು ಒಪ್ಪಿಕೊಂಡ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ದಿನಾಂಕ ಆರಿಸುವಾಗ ನಾನು ನೋಡುವುದು ಮೂರು ಸಂಗತಿ. ದೀಪಾವಳಿಯ ರಜೆ ಬಿಟ್ಟುಬಿಡುತ್ತೇನೆ, ಬೆಂಗಳೂರಿನ ಅರ್ಧ ಐಟಿ ಮಂದಿ ಆಗ ಅಲ್ಲಿಯೇ ಇರುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವೂ ಬೇಡ, ರೂಮಿನ ಬೆಲೆ ಕೇಳಿದರೆ ಮಳೆಯಿಲ್ಲದೆಯೂ ಮೈ ತಣ್ಣಗಾಗುತ್ತದೆ. ಮೂರನೆಯದು ಹೊರಡುವವರಿಗೆ ಹೊಳೆಯದೇ ಇರಬಹುದು: ತಿರುವಣ್ಣಾಮಲೈಯ ಕಾರ್ತಿಕ ದೀಪ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ, ತಿಂಡಿವನಂ ಮೂಲಕ ಸುಮಾರು 310 ಕಿ.ಮೀ. ಹಾದಿ. ದೀಪೋತ್ಸವದ ಆಸುಪಾಸಿನ ದಿನಗಳಲ್ಲಿ ಲಕ್ಷಾಂತರ ಜನ ತಿರುವಣ್ಣಾಮಲೈಯ ಬೆಟ್ಟದ ಸುತ್ತ ಸೇರುತ್ತಾರೆ, ರಸ್ತೆ ಹೆಜ್ಜೆ ಹೆಜ್ಜೆಗೂ ತಿರುಗಿಸಿರುತ್ತಾರೆ. ಇದು ನವೆಂಬರಿನ ಎರಡನೇ ಅರ್ಧ ಅಥವಾ ಡಿಸೆಂಬರಿಗೆ ಬೀಳುವುದರಿಂದ ಕ್ಯಾಲೆಂಡರ್ ನೋಡದೆ ರೂಮು ಗೊತ್ತು ಮಾಡಬೇಡಿ. ವಾರದ ನಡುವೆ, ಸೋಮವಾರ ಹೊರಟು ಗುರುವಾರ ಬರುವ ಹಾಗೆ ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಮಳೆ ಬೇಕು, ಚಂಡಮಾರುತ ಬೇಡ. ಈ ಗೆರೆ ಎಲ್ಲಿದೆ ಎಂದು ಮೊದಲೇ ಗಂಡ ಹೆಂಡತಿ ಒಪ್ಪಿಕೊಂಡಿರಬೇಕು, ಇಲ್ಲದಿದ್ದರೆ ಹೊರಡುವ ಹಿಂದಿನ ರಾತ್ರಿ ಜಗಳ ಖಾತ್ರಿ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರವೇ ದಡ ಮುಟ್ಟಿ, ಮುಂದಕ್ಕೆ ಹೋಗದೆ ಅಲ್ಲೇ ತಳವೂರಿತು. ಒಂದೇ ದಿನಕ್ಕೆ ಆ ಊರಲ್ಲಿ 46 ಸೆಂ.ಮೀ.ಗಿಂತ ಹೆಚ್ಚು ಮಳೆ, ಅಂದರೆ ಹೆಚ್ಚೂಕಡಿಮೆ ಬೆಂಗಳೂರು ಅರ್ಧ ವರ್ಷದಲ್ಲಿ ಕಾಣುವಷ್ಟು ನೀರು. ಮರುದಿನ ಅದೇ ಮೋಡ ಒಳನಾಡಿಗೆ ಬಂದು ಕೃಷ್ಣಗಿರಿ ಜಿಲ್ಲೆಯ ಊತಂಗರೈಯನ್ನು ಮುಳುಗಿಸಿತು, ತಿರುವಣ್ಣಾಮಲೈಯಲ್ಲಿ ಬೆಟ್ಟ ಕುಸಿದು ಜನ ಸತ್ತರು. ಎರಡೂ ನಾವು ಹಾದುಹೋಗುವ ರಸ್ತೆಯ ಮೇಲಿನ ಊರುಗಳು. ಆದ್ದರಿಂದ ತಲುಪುವ ಊರಿನ ಹವಾಮಾನ ಮಾತ್ರ ನೋಡಿದರೆ ಸಾಲದು, ಕೃಷ್ಣಗಿರಿ, ತಿರುವಣ್ಣಾಮಲೈ, ವಿಲ್ಲುಪುರಂ ಜಿಲ್ಲೆಗಳದ್ದನ್ನೂ ನೋಡಬೇಕು. ನಮ್ಮ ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ತೆಂಪೆಣ್ಣೈ ಆಗಿ ಈ ಜಿಲ್ಲೆಗಳಲ್ಲೆಲ್ಲ ಹರಿದು ಪುದುಚೇರಿಯ ದಕ್ಷಿಣಕ್ಕೆ ಸಮುದ್ರ ಸೇರುತ್ತದೆ. ಅದು ತುಂಬಿದರೆ ಸೇತುವೆಗಳೂ ಮುಚ್ಚುತ್ತವೆ.

ನಮ್ಮ ಮನೆಯ ನಿಯಮ ಹವಾಮಾನ ಇಲಾಖೆಯ ಬಣ್ಣದ ಮೇಲೆ ನಿಂತಿದೆ. ಹಳದಿ ಇದ್ದರೆ ಖುಷಿಯಾಗಿ ಹೊರಡುವುದು. ಕಿತ್ತಳೆ ಬಂದರೆ ಒಂದು ದಿನ ಮುಂದೂಡುವುದು, ಅಥವಾ ಕಾರು ಬಿಟ್ಟು ರೈಲಿಗೆ ಹೋಗುವುದು. ಕೆಂಪು ಬಂದರೆ ಮಾತಿಲ್ಲ, ರದ್ದು. ಇಲಾಖೆಯ ಭಾಷೆಯಲ್ಲಿ ದಿನಕ್ಕೆ 6.5 ಸೆಂ.ಮೀ. ಆಸುಪಾಸಿನಿಂದ ‘ಭಾರಿ ಮಳೆ’ ಶುರು, 20 ಸೆಂ.ಮೀ. ದಾಟಿದರೆ ‘ಅತ್ಯಂತ ಭಾರಿ’. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದಾಗ ಮೂರು ನಾಲ್ಕು ದಿನ ಮೊದಲೇ ಸುಳಿವು ಸಿಗುತ್ತದೆ. ಹಾಗಾಗಿ ಹೊರಡುವ ಮೂರು ದಿನ ಮೊದಲಿನವರೆಗೆ ದುಡ್ಡು ವಾಪಸ್ ಕೊಡುವ ರೂಮು ಬಿಟ್ಟು ಬೇರೆಯದನ್ನು ನಾನು ಮುಟ್ಟುವುದಿಲ್ಲ, ನಾನ್ನೂರು ಐನೂರು ಜಾಸ್ತಿಯಾದರೂ ಸರಿ. ರೈಲು ಎಂದೆನಲ್ಲ, ಹುಬ್ಬಳ್ಳಿ, ಬೆಂಗಳೂರು ಮೂಲಕ ಹೋಗುವ ದಾದರ್–ಪುದುಚೇರಿ ಚಾಲುಕ್ಯ ಎಕ್ಸ್‌ಪ್ರೆಸ್ ಇದೆ, ಆದರೆ ದಿನಾ ಇಲ್ಲ. ರಾತ್ರಿ ಬಸ್ಸುಗಳಿಗೆ ಬರವಿಲ್ಲ.

ಇನ್ನು ರೂಮು. ಇಂಥ ಪ್ರವಾಸದಲ್ಲಿ ಮುಕ್ಕಾಲು ಪಾಲು ತಲೆ ಓಡಿಸಬೇಕಾದ್ದು ಇಲ್ಲೇ. ಬಿಸಿಲಿನ ಪ್ರವಾಸದಲ್ಲಿ ರೂಮು ಮಲಗುವ ಜಾಗ. ಮಳೆಯಲ್ಲಿ ಅದೇ ಪ್ರವಾಸದ ಊರು, ಬೀದಿ ಅದರ ಹಿತ್ತಿಲು. ಎಲ್ಲರೂ ಸಮುದ್ರಕ್ಕೆ ಮುಖ ಮಾಡಿದ ರೂಮಿಗೆ ಬೀಳುತ್ತಾರೆ. ನವೆಂಬರಿನಲ್ಲಿ ಅದಕ್ಕೆ ಹೆಚ್ಚು ದುಡ್ಡು ಕೊಡುವುದು ದಂಡ ಎಂಬುದು ನನ್ನ ಅಭಿಪ್ರಾಯ. ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ, ಎರಚಲು ಒಳಗೆ ಬರುತ್ತದೆಂದು ಕಿಟಕಿ ಮುಚ್ಚಲೇಬೇಕು, ಗಾಜಿನ ಮೇಲೆ ಉಪ್ಪಿನ ಪೊರೆ. ನೋಡಲು ಏನೂ ಉಳಿಯುವುದಿಲ್ಲ.

ಕಾಲುವೆಯ ಈಚೆ, ತಮಿಳು ಬಡಾವಣೆಯ ವೈಸಿಯಾಳ್ ಬೀದಿಯ ಕಡೆ ಹುಡುಕಿ. ಪುದುಚೇರಿಯ ಹಳೇ ಊರನ್ನು ಒಂದು ಕಾಲುವೆ ಎರಡು ಮಾಡುತ್ತದೆ. ಸಮುದ್ರದ ಬದಿ ಫ್ರೆಂಚರದ್ದು, ಒಳಬದಿ ತಮಿಳರದ್ದು. ಒಳಬದಿಯ ಹಲವು ಮನೆಗಳು ಮಿಶ್ರ ತಳಿ: ಕೆಳಗೆ ಬೀದಿಗೆ ಜಗಲಿ, ಮರದ ಕಂಬ, ಒಳಗೆ ನಮ್ಮ ತೊಟ್ಟಿ ಮನೆಯಂತೆಯೇ ನಡುವೆ ಬಯಲು, ಮೇಲಂತಸ್ತಿಗೆ ಹೋದರೆ ಕಮಾನಿನ ಫ್ರೆಂಚ್ ಕಿಟಕಿ. ಇಂಥ ಕೆಲವು ಈಗ ಅತಿಥಿಗೃಹಗಳಾಗಿವೆ. ತೊಟ್ಟಿಗೆ ತೆರೆದುಕೊಂಡ ಮೇಲಂತಸ್ತಿನ ರೂಮು ಸಿಕ್ಕಿದರೆ ಕಣ್ಣು ಮುಚ್ಚಿ ಹಿಡಿಯಿರಿ. ಹೆಂಚಿನಿಂದ ನಾಲ್ಕೂ ಕಡೆ ನೀರು ತೊಟ್ಟಿಗೆ ಇಳಿಯುವುದನ್ನು ಒಣಗಿದ ಪಡಸಾಲೆಯಲ್ಲಿ ಕೂತು ನೋಡುವ ಸುಖಕ್ಕೆ ನಮ್ಮವರು, ಮೊಬೈಲು ಬಿಟ್ಟು ಏಳದ ಮನುಷ್ಯ, ಎರಡು ಗಂಟೆ ಅದನ್ನು ಮುಟ್ಟಲಿಲ್ಲ.

ಬುಕ್ ಮಾಡುವ ಮುಂಚೆ ಫೋನ್ ಮಾಡಿಯೇ ಕೇಳುತ್ತೇನೆ, ಫೋಟೋ ನಂಬುವುದಿಲ್ಲ. ಬೀದಿಯಲ್ಲಿ ನೀರು ನಿಲ್ಲುತ್ತದೆಯೇ? ಕರೆಂಟು ಹೋದರೆ ಜನರೇಟರ್ ಫ್ಯಾನು, ದೀಪಕ್ಕೆ ಮಾತ್ರವೋ, ಎಸಿಗೂ ಬರುತ್ತದೋ? ಕೂತು ಓದಲು ಮಾಡಿನ ಕೆಳಗೆ ಜಾಗ ಇದೆಯೇ? ರಾತ್ರಿ ಊಟ ಮನೆಯಲ್ಲೇ ಮಾಡಿಕೊಡುತ್ತಾರೆಯೇ? ಎಸಿಯ ಮಾತು ತಂಪಿಗಾಗಿ ಕೇಳುತ್ತಿಲ್ಲ. ಅಲ್ಲಿ ನವೆಂಬರ್ ರಾತ್ರಿಯಲ್ಲೂ 22–23 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಆದರೆ ಗಾಳಿಯಲ್ಲಿ ತೇವ ಎಷ್ಟೆಂದರೆ ಹಾಸಿಗೆ, ದಿಂಬು ಎಲ್ಲ ತಂಡಿ. ರಿಮೋಟಿನಲ್ಲಿ ‘ಡ್ರೈ’ ಎಂಬ ಗುಂಡಿ ಇರುತ್ತದೆ, ಹನಿಯ ಚಿತ್ರ ಇರುವುದು. ಮಲಗುವ ಒಂದು ಗಂಟೆ ಮುಂಚೆ ಅದನ್ನು ಒತ್ತಿ ಬಾಗಿಲು ಮುಚ್ಚಿದರೆ ಹಾಸಿಗೆ ಗರಿಗರಿ. ಬೆಚ್ಚನೆಯ ರಾತ್ರಿಯ ಗುಟ್ಟು ಅಲ್ಲಿ ಕಂಬಳಿಯಲ್ಲಿಲ್ಲ, ಈ ಗುಂಡಿಯಲ್ಲಿದೆ.

ಚೀಲಕ್ಕೆ ಸ್ವೆಟರ್ ಬೇಡ. ಜೀನ್ಸ್ ಅಂತೂ ಬೇಡವೇ ಬೇಡ, ಒಮ್ಮೆ ನೆಂದರೆ ವಾಪಸ್ ಬರುವ ತನಕ ಒಣಗುವುದಿಲ್ಲ. ತೆಳು ಹತ್ತಿಯ ಬಟ್ಟೆ, ಪಂಚೆ ಬಟ್ಟೆಯ ಟವೆಲ್ಲು, ಚರ್ಮದ ಚಪ್ಪಲಿಯ ಬದಲು ಹಿಡಿತವಿರುವ ಸ್ಯಾಂಡಲ್, ಸೊಳ್ಳೆಗೆ ಓಡೋಮಾಸ್. ಒಂದೇ ಕೊಡೆಯಲ್ಲಿ ಇಬ್ಬರು ನಡೆಯುವುದು ಸಿನಿಮಾ ಪೋಸ್ಟರಿಗೆ ಚೆನ್ನ. ವಾಸ್ತವದಲ್ಲಿ ಅವರ ಎಡ ಭುಜ, ನನ್ನ ಬಲ ಭುಜ ತೊಪ್ಪೆ. ಕೊಡೆ ತಲೆಗೊಂದು ಇರಲಿ. ಸಮುದ್ರದ ಕಡೆ ಅದೂ ನಿಲ್ಲುವುದಿಲ್ಲ, ಗಾಳಿಗೆ ತಿರುಗುಮುರುಗಾಗುತ್ತದೆ, ಅಲ್ಲಿಗೆ ರೇನ್‌ಕೋಟೇ ಸರಿ.

ದಿನಕ್ಕೆ ಒಂದು ದೊಡ್ಡ ಜಾಗ, ಸಾಕು. ಅದಕ್ಕಿಂತ ಹೆಚ್ಚು ಬರೆದುಕೊಂಡು ಹೋದರೆ ಮಳೆ ಶತ್ರುವಾಗುತ್ತದೆ. ನಾವು ಬೆಳಿಗ್ಗೆಯನ್ನು ಯಾವಾಗಲೂ ಸಮುದ್ರದ ದಂಡೆಗೆ ಬಿಡುತ್ತೇವೆ. ದಂಡೆಯ ರಸ್ತೆ ಗೂಬೇರ್ ಅವೆನ್ಯೂಗೆ ಸಂಜೆಯಿಂದ ಬೆಳಿಗ್ಗೆವರೆಗೆ ವಾಹನ ಬಿಡುವುದಿಲ್ಲ. ಮೋಡ ಕವಿದ ಬೆಳಗಿನಲ್ಲಿ ಸೂರ್ಯೋದಯ ನೋಡುವ ಗುಂಪೂ ಇರುವುದಿಲ್ಲ. ಗಾಂಧಿ ಪ್ರತಿಮೆ, 1836ರಲ್ಲಿ ದೀಪ ಹಚ್ಚಿದ ಹಳೇ ದೀಪಸ್ತಂಭ, ಕಪ್ಪು ಬಂಡೆಗಳಿಗೆ ಬಡಿಯುವ ಅಲೆ. ಬಂಡೆಗಳ ಮೇಲೆ ಮಾತ್ರ ಹತ್ತಬೇಡಿ, ಪಾಚಿ ಕಟ್ಟಿರುತ್ತದೆ.

ಮಳೆ ಜೋರಾದ ಹೊತ್ತಿಗೆ ಮ್ಯೂಸಿಯಂ. ಭಾರತಿ ಪಾರ್ಕಿನ ಪಕ್ಕದ ಪುದುಚೇರಿ ಮ್ಯೂಸಿಯಂ ಸೋಮವಾರ ರಜೆ, ನೆನಪಿರಲಿ. ನಾವು ಅಲ್ಲಿ ನಿಂತದ್ದು ಅರಿಕಮೇಡಿನ ಮಡಕೆ ಚೂರುಗಳ ಮುಂದೆ. ರೋಮನ್ನರೊಡನೆ ವ್ಯಾಪಾರ ನಡೆದ ಆ ರೇವನ್ನು 1945ರಲ್ಲಿ ಅಗೆಸಿದವನು ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಎರಡು ವರ್ಷದ ಮೇಲೆ ಅವನೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಿಗೆ ಬಂದ. ಅರಿಕಮೇಡಿನಲ್ಲಿ ಕಾಲ ಗೊತ್ತಾದ, ಒಳಗೆ ಸಾಲು ಸಾಲು ಗೀರಿನ ಅಲಂಕಾರವಿರುವ ಮಡಕೆಯ ಚೂರುಗಳು ಅಲ್ಲೂ ಸಿಕ್ಕವು, ಅವನ್ನು ಹಿಡಿದೇ ನಮ್ಮ ನೆಲದ ಪದರಗಳಿಗೂ ಕಾಲ ಕಟ್ಟಿದ. ನಮ್ಮವರ ಊರು ಮೊಳಕಾಲ್ಮೂರಿನ ಕಡೆ, ಬ್ರಹ್ಮಗಿರಿಯ ತಪ್ಪಲು. “ನಮ್ಮೂರ ವಯಸ್ಸು ಹೇಳಿದ್ದು ಈ ಚೂರಾ!” ಎಂದು ಗಾಜಿನ ಮುಂದಿನಿಂದ ಕದಲಲೇ ಇಲ್ಲ.

ಪಾರ್ಕಿನ ನಡುವೆ ಆಯಿ ಮಂಟಪ. ಮೂರನೇ ನೆಪೋಲಿಯನ್ ಕಾಲದ ಬಿಳಿ ಕಟ್ಟಡ, ಆದರೆ ಕತೆ ಹೊರಳುವುದು ನಮ್ಮ ಕೃಷ್ಣದೇವರಾಯನ ಕಡೆಗೆ. ದೀಪ ಬೆಳಗುತ್ತಿದ್ದ ಒಂದು ಮನೆಯನ್ನು ಗುಡಿಯೆಂದು ಭಾವಿಸಿ ರಾಯ ಕೈಮುಗಿದನಂತೆ, ಅದು ವೇಶ್ಯೆ ಆಯಿಯ ಮನೆಯೆಂದು ತಿಳಿದು ಕೆಡವಲು ಹೇಳಿದನಂತೆ. ಅವಳು ತಾನೇ ಕೆಡವಿಸಿ ಆ ಜಾಗದಲ್ಲಿ ಊರಿಗೆ ಕೆರೆ ಕಟ್ಟಿಸಿದಳಂತೆ. ಮುಂದೆ ಆ ನೀರನ್ನೇ ಫ್ರೆಂಚರು ಪಟ್ಟಣಕ್ಕೆ ತಂದರು, ಅದರ ನೆನಪಿಗೇ ಈ ಮಂಟಪ. ರಾಯನ ಬಗ್ಗೆ ನನಗೆ ಅಲ್ಲಿ ಸ್ವಲ್ಪ ಸಿಟ್ಟೇ ಬಂತು.

ಸಂಜೆಗೆ ದಕ್ಷಿಣ ಬುಲೆವಾರ್ಡಿನ ಸೇಕ್ರೆಡ್ ಹಾರ್ಟ್ ಬೆಸಿಲಿಕಾ ಒಳ್ಳೆಯದು. 1907ರದ್ದು, ಕೆಂಪು ಬಿಳಿ ಗೋಥಿಕ್ ಕಟ್ಟಡ. ಬಣ್ಣದ ಗಾಜುಗಳನ್ನು ಬಿಸಿಲಿನಲ್ಲಿ ನೋಡಬೇಕೆನ್ನುತ್ತಾರೆ. ಮೋಡದ ಬೆಳಕಿನಲ್ಲಿ ಕಣ್ಣು ಕುಕ್ಕದೆ ಒಬ್ಬೊಬ್ಬ ಸಂತರ ಮುಖವೂ ಕಾಣುತ್ತದೆ, ನನಗೆ ಅದೇ ಮೇಲೆನಿಸಿತು. ನಾನಾ ದೇಶದವರು ಒಟ್ಟಿಗೆ ನೆಲೆಸಿರುವ ಆರೋವಿಲ್ಲನ್ನು ಈ ಕಾಲದಲ್ಲಿ ಬಿಟ್ಟುಬಿಡಿ. ಹತ್ತು ಕಿ.ಮೀ. ದೂರ, ಕೆಂಪು ಮಣ್ಣಿನ ದಾರಿ ರಾಡಿ, ಅಲ್ಲಿನ ಧ್ಯಾನದ ಗೋಳ ಮಾತೃಮಂದಿರದ ಒಳಗೆ ಹೋಗಲು ಮೊದಲೇ ಹೆಸರು ಕೊಟ್ಟಿರಬೇಕು. ಶ್ರೀ ಅರವಿಂದ ಆಶ್ರಮದ ಕೈಕಾಗದದ ಕಾರ್ಖಾನೆ ಪಟ್ಟಣದಲ್ಲೇ ಇದೆ, ಮಡದಿಗೊಂದು ನೋಟ್‌ಬುಕ್ ಕೊಡಿಸಲು ಅದಕ್ಕಿಂತ ಬೇರೆ ನೆಪ ಬೇಡ.

ಊಟದ ಹೊತ್ತು ಮಾತ್ರ ಬೆಂಗಳೂರಿನ ಅಭ್ಯಾಸದಲ್ಲಿ ಲೆಕ್ಕ ಹಾಕಬೇಡಿ. ಫ್ರೆಂಚ್ ಬೀದಿಗಳ ಹೋಟೆಲುಗಳಲ್ಲಿ ಮೂರು ಗಂಟೆಗೆ ಅಡುಗೆಮನೆ ಮುಚ್ಚಿ ಏಳಕ್ಕೆ ತೆರೆಯುವುದೇ ಹೆಚ್ಚು. ಮಳೆಗೆ ಹಸಿವು ಕೆರಳುವುದೋ ಸರಿಯಾಗಿ ನಾಲ್ಕೂವರೆಗೆ! ಆಗ ನೆಹರೂ ಬೀದಿಯ ಇಂಡಿಯನ್ ಕಾಫಿ ಹೌಸ್ ಕಾಪಾಡುತ್ತದೆ. ಕಾಲುವೆಯ ಈಚೆ ಬದಿಯಲ್ಲಿ ಬಜ್ಜಿ ಅಂಗಡಿಗಳಿಗೂ ಕೊರತೆಯಿಲ್ಲ. ನಾವು ಸಸ್ಯಾಹಾರಿಗಳು, ಫ್ರೆಂಚ್ ಹೋಟೆಲಿಗೆ ಒಂದು ರಾತ್ರಿ ಹೋಗಿ ಈರುಳ್ಳಿ ಸೂಪು ಕೇಳಿದರೆ ಅದು ಮಾಂಸದ ಸಾರಿನಲ್ಲಿ ಮಾಡಿದ್ದೆಂದು ತಿಳಿಯಿತು. ಕೇಳಿಯೇ ತರಿಸಿಕೊಳ್ಳಿ. ಬ್ರೆಡ್ಡು, ಕ್ರ್ವಾಸಾನ್‌ಗಳಲ್ಲಿ ಮಾಂಸದ ತೊಂದರೆಯಿಲ್ಲ. ಮಧ್ಯಾಹ್ನವೇ ಬೇಕರಿಯಿಂದ ಕಟ್ಟಿಸಿಕೊಂಡು ಬಂದು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು, ಸಂಜೆ ಐದೂಮುಕ್ಕಾಲಿಗೇ ಕತ್ತಲಾಗುವ ಆ ಹೊತ್ತನ್ನು ತೊಟ್ಟಿಯ ಪಕ್ಕ ಕಳೆದೆವು. ಮಗಳ ಫೀಸು, ಅತ್ತೆಯ ಕಣ್ಣು, ಮನೆಯ ಸಾಲ, ಈ ಮೂರು ಮಾತು ಊಟದ ತನಕ ಎತ್ತುವಂತಿಲ್ಲ ಎಂದು ಕರಾರು. ಮೊದಲ ಸಂಜೆ ಅರ್ಧ ಗಂಟೆ ಇಬ್ಬರಿಗೂ ಮಾತೇ ಸಿಗಲಿಲ್ಲ. ಆಮೇಲೆ ಅವರು ತಮ್ಮ ಹೈಸ್ಕೂಲಿನ ಕತೆಯೊಂದನ್ನು ತೆಗೆದರು, ಇಷ್ಟು ವರ್ಷದಲ್ಲಿ ನಾನು ಕೇಳಿರದಿದ್ದ ಕತೆ.

ವಾಪಸ್ ಬರುವ ದಿನ ಬೆಳಿಗ್ಗೆ ಆರಕ್ಕೇ ಹೊರಡಿ. ಮಳೆಯಲ್ಲಿ ತಿಂಡಿವನಂನಿಂದ ತಿರುವಣ್ಣಾಮಲೈವರೆಗೆ ಕತ್ತಲಲ್ಲಿ ಓಡಿಸುವುದು ಬೇಡ. ಮಳೆ ಬಿಟ್ಟಿದ್ದರೆ ಸೆಂಜಿ ಕೋಟೆಯ ಬುಡದಲ್ಲಿ ಅರ್ಧ ಗಂಟೆ ನಿಲ್ಲಿಸಬಹುದು. ಒದ್ದೆ ಮೆಟ್ಟಿಲು ಹತ್ತುವ ಸಾಹಸ ಬೇಡ, ಕೆಳಗಿನ ಕಲ್ಯಾಣ ಮಹಲ್ ನೋಡಿದರೆ ಸಾಕು. ಒದ್ದೆ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿರಿ, ಅತ್ತೆಗೆ ಕೊಂಡ ಊದುಬತ್ತಿ ಅದರ ಜೊತೆ ಸೇರದಿರಲಿ.