ಅಜ್ಜಿ ಪರವಾಗಿ ಆಫೀಸಿಗೆ ಹೋಗೋದು ಹೇಗೆ, ಅಜ್ಜಿ ಮಾತು ಕಿತ್ಕೊಳ್ಳದೆ

ಬೀದಿಗೊಬ್ರು ಇರ್ತಾರೆ ಇಂಥ ಅಜ್ಜಿ. ಪೆನ್ಶನ್ ನಾಲ್ಕು ತಿಂಗಳಿಂದ ಬಂದಿಲ್ಲ, ಮನೆ ಮಗನ ಹೆಸರಿಗೆ ಬರ್ಕೊಟ್ಟಾಗಿದೆ, ಈಗ ಮಾತ್ರೆಗೂ ಅವನ ಮುಖ ನೋಡ್ಬೇಕು, ನಾಡಕಚೇರಿಗೆ ಒಬ್ರೇ ಹೋದ್ರೆ "ನಾಳೆ ಬಾ ಅಜ್ಜಿ" ಅಂತ ಸಾಗಹಾಕ್ತಾರೆ. ಅದೇ ಜೊತೆಗೊಬ್ರು ಓದಿದೋರು ಹೋದ್ರೆ ಕೌಂಟರ್ ಹಿಂದಿನ ಧಾಟಿನೇ ಬೇರೆ. ಆ ಜೊತೆಗೆ ಹೋಗೋರು ನೀವೇ ಆಗ್ಬೋದು, ಅದಕ್ಕೆ ಎಲ್‌ಎಲ್‌ಬಿ ಬೇಡ, ಸಂಘ ರಿಜಿಸ್ಟರ್ ಮಾಡ್ಸೋದೂ ಬೇಡ. ಆದ್ರೆ ಹೆಂಗೆ ಹೋಗ್ಬೇಕು ಅನ್ನೋದ್ರಲ್ಲೇ ಎಲ್ಲಾ ಇರೋದು, ಯಾಕಂದ್ರೆ ಅಜ್ಜಿಗೆ ಸಹಾಯ ಮಾಡ್ತೀನಿ ಅಂತ ಹೋಗಿ ಕೊನೆಗೆ ಅಜ್ಜಿ ಬದಲು ತಾವೇ ಎಲ್ಲಾ ತೀರ್ಮಾನ ಮಾಡಿ ಬರೋರು ನಮ್ಮಲ್ಲಿ ಕಮ್ಮಿ ಇಲ್ಲ.

ಮೊದಲು ನಿಮ್ಮನ್ನ ನೀವೇ ಕೇಳ್ಕೊಳ್ಳಿ

ಈ ವಿಷಯದಲ್ಲಿ ನಿಮಗೇನಾದ್ರೂ ಲಾಭ ಇದ್ಯಾ? ಅಜ್ಜಿ ಸೈಟಿನ ಮೇಲೆ ನಿಮ್ಮ ಭಾವಮೈದುನನ ಕಣ್ಣಿದ್ಯಾ, ಮಗನ ಜೊತೆ ನಿಮಗೆ ಹಳೇ ಕಿರಿಕ್ ಇದ್ಯಾ, ಮುಂದಿನ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ಲೋ ಪ್ಲಾನ್ ಇದ್ಯಾ? ಇದ್ರೆ ನೀವು ಬೇಡ, ಬೇರೆ ಯಾರನ್ನಾದ್ರೂ ಹುಡುಕಿ. ತಾಲ್ಲೂಕು ಕೋರ್ಟಲ್ಲಿರೋ ಕಾನೂನು ಸೇವಾ ಸಮಿತಿಯವ್ರ ಹತ್ರ ಪ್ಯಾರಾ ಲೀಗಲ್ ವಾಲಂಟಿಯರ್ಸ್, ಅಂದ್ರೆ ಕಾನೂನು ಕೆಲಸಕ್ಕೆ ನೆರವಾಗೋ ಸ್ವಯಂಸೇವಕರು ಇರ್ತಾರೆ, ಅಂಗವಿಕಲರ ವಿಷಯ ಆದ್ರೆ ಗ್ರಾಮ ಪಂಚಾಯ್ತಿಲಿ ವಿಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ತಾಲ್ಲೂಕಲ್ಲಿ ಎಂಆರ್‌ಡಬ್ಲ್ಯೂ.

ಒಬ್ರೇ ಇರುವಾಗ ಮಾತಾಡಿ

ಇದನ್ನ ಅವಸರದಲ್ಲಿ ಮಾಡ್ಬೇಡಿ. ಮಗ ಪಕ್ಕದ ರೂಮಲ್ಲಿ ಇದ್ರೆ ಅಜ್ಜಿ "ಏನಿಲ್ಲಪ್ಪ, ಎಲ್ಲಾ ಚೆನ್ನಾಗಿದೆ" ಅಂತಾರೆ, ಅಷ್ಟೇ. ದೇವಸ್ಥಾನದ ಕಟ್ಟೆ, ರೇಷನ್ ಅಂಗಡಿ ಕ್ಯೂ, ಅವ್ರು ದಿನಾ ಕೂರೋ ಜಗಲಿ, ಎಲ್ಲಾದ್ರೂ ಸರಿ. "ನಿಮಗೇನು ಬೇಕು ಅಜ್ಜಿ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ನಾಗಿ. ನಿಮಗೆ ಅನ್ಸಿದ್ದು ಮಗನ ಮೇಲೆ ಕೇಸ್ ಹಾಕ್ಬೇಕು ಅಂತ, ಅವ್ರಿಗೆ ಬೇಕಿರೋದು ಬರೀ ಪೆನ್ಶನ್ ದುಡ್ಡು ತಮ್ಮ ಕೈಗೆ ಬರೋದು, ಇಷ್ಟೇ ಇರ್ಬೋದು. ಹಂಗಿದ್ರೆ ಪೆನ್ಶನ್ ಕೆಲಸ ಮಾತ್ರ ಮಾಡಿ, ನಿಮ್ಮ ಕೋಪ ನಿಮ್ಮ ಹತ್ರಾನೇ ಇರ್ಲಿ.

ಆಮೇಲೆ ಒಂದು ಬಿಳಿ ಹಾಳೇಲಿ ನಾಲ್ಕು ಸಾಲು: ಇಂಥ ಕೆಲಸಕ್ಕೆ ಇವ್ರು ನನ್ನ ಜೊತೆ ಬರ್ತಾರೆ, ನನ್ನ ಪರವಾಗಿ ಮಾಹಿತಿ ಕೇಳ್ಬೋದು ಅಂತ. ಬರ್ದಿದ್ದನ್ನ ಜೋರಾಗಿ ಓದಿ ಹೇಳಿ, ಸರಿ ಅಂದ್ಮೇಲೆ ಸಹಿ ಇಲ್ಲಾ ಹೆಬ್ಬೆಟ್ಟು, ಇಬ್ರು ಸಾಕ್ಷಿ. "ಎಲ್ಲಾ ವ್ಯವಹಾರಕ್ಕೂ" ಅಂತ ಯಾವತ್ತೂ ಬರ್ಸ್ಕೋಬೇಡಿ.

ನಿಂತ ಪೆನ್ಶನ್ ಹುಡುಕೋದು

65 ದಾಟಿದವ್ರಿಗೆ ಸಂಧ್ಯಾ ಸುರಕ್ಷಾ ಅನ್ನೋ ಸರ್ಕಾರಿ ಪೆನ್ಶನ್‌ನಲ್ಲಿ ತಿಂಗಳಿಗೆ 1200 ರೂಪಾಯಿ. ನಿಂತೋಯ್ತು ಅಂದ ತಕ್ಷಣ ಹೊಸ ಅರ್ಜಿ ಹಾಕ್ಬೇಡಿ. ಎಷ್ಟೋ ಸಲ ದುಡ್ಡು ನಿಂತೇ ಇರಲ್ಲ, ಬೇರೆ ಅಕೌಂಟಿಗೆ ಹೋಗ್ತಿರುತ್ತೆ. ಡಿಬಿಟಿ, ಅಂದ್ರೆ ಸರ್ಕಾರ ನೇರವಾಗಿ ಖಾತೆಗೆ ಹಾಕೋ ದುಡ್ಡು, ಪಾಸ್‌ಬುಕ್ ನೋಡ್ಕೊಂಡು ಬರಲ್ಲ, ಆಧಾರ್‌ಗೆ ಕೊನೇಲಿ ಯಾವ ಬ್ಯಾಂಕ್ ಲಿಂಕ್ ಆಗಿದ್ಯೋ ಅಲ್ಲಿಗೇ ಹೋಗುತ್ತೆ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಯಾರೋ ಪೋಸ್ಟ್ ಆಫೀಸಲ್ಲಿ ಹೊಸ ಖಾತೆ ಮಾಡ್ಸಿರ್ತಾರೆ, ಇಲ್ಲಾ ಸಿಮ್ ತಗೊಳ್ಳೋವಾಗ ಪೇಮೆಂಟ್ಸ್ ಬ್ಯಾಂಕ್ ಖಾತೆ ಓಪನ್ ಆಗಿರುತ್ತೆ, ಅಜ್ಜಿ ಮಾತ್ರ ಹಳೇ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ಕೇ ಹಿಡ್ಕೊಂಡು ಕೂತಿರ್ತಾರೆ, ಆ ಬ್ಯಾಂಕ್ 2020ರಲ್ಲೇ ಕೆನರಾ ಜೊತೆ ಸೇರೋಯ್ತು ಅಂತ ಅವ್ರಿಗೆ ಹೇಳಿದೋರು ಯಾರು?

ಯಾವ ಬ್ಯಾಂಕ್ ಲಿಂಕ್ ಆಗಿದೆ ಅಂತ ಆಧಾರ್ ವೆಬ್‌ಸೈಟಲ್ಲಿ ನೋಡ್ಬೋದು, ಆದ್ರೆ ಓಟಿಪಿ ಹೋಗೋದು ಆಧಾರ್‌ಗೆ ಕೊಟ್ಟಿರೋ ಮೊಬೈಲಿಗೆ, ಅದು ಬಹಳ ಮನೇಲಿ ಮಗಂದೇ ನಂಬರ್. ಅಲ್ಲೇ ಕಥೆ ಸಿಕ್ಕಾಕ್ಕೊಳ್ಳೋದು. ಹಂಗಾದ್ರೆ ಅಜ್ಜಿನ ಕರ್ಕೊಂಡು ಆಧಾರ್ ಸೆಂಟರಿಗೆ ಹೋಗಿ ನಂಬರ್ ಬದಲಾಯಿಸಿ, ಅವ್ರ ಬೆರಳಚ್ಚು ಸಾಕು. ಹೊಸ ನಂಬರ್ ಅಜ್ಜಿದೇ ಆಗಿರ್ಲಿ, ಒಂದು ಕೀಪ್ಯಾಡ್ ಫೋನ್ ಸಾಕು. ದಯವಿಟ್ಟು ನಿಮ್ಮ ನಂಬರ್ ಕೊಡ್ಬೇಡಿ.

ಅಕೌಂಟ್ ಸರಿ ಇದ್ದೂ ದುಡ್ಡು ಬರ್ತಿಲ್ಲ ಅಂದ್ರೆ ನಾಡಕಚೇರಿಲಿ ಕಾರಣ ಕೇಳಿ. ಪರಿಶೀಲನೆಗೆ ಬಂದಾಗ ಮನೇಲಿ ಇರ್ಲಿಲ್ಲ ಅಂತಾನೋ, ಒಂದೊಂದ್ಸಲ ತೀರ್ಕೊಂಡಿದ್ದಾರೆ ಅಂತಾನೋ ಬರ್ದಿರ್ತಾರೆ, ಎದುರಿಗೆ ಅಜ್ಜಿ ಕೂತಿದ್ರೂ! ಬಾಯಿಮಾತಿಗೆ ಉತ್ತರ ಸಿಗ್ದಿದ್ರೆ 10 ರೂಪಾಯಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ, ಬಿಪಿಎಲ್ ಇದ್ರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡ್ಬೇಕು. ಸರ್ಕಾರದ ದೂರಿನ ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ ನಂಬರ್ ಇಸ್ಕೊಳ್ಳಿ. ಯಾವ ಅರ್ಜಿ ಕೊಟ್ರೂ ಸ್ವೀಕೃತಿ ಇಲ್ದೆ ಎದ್ದು ಬರ್ಬೇಡಿ, "ಸಕಾಲ" ಅಂತ, ಇಷ್ಟು ದಿನದಲ್ಲಿ ಕೆಲಸ ಮುಗಿಸ್ಲೇಬೇಕು ಅನ್ನೋ ರಾಜ್ಯದ ಕಾಯ್ದೆ ಇದೆ, ಅದ್ರಲ್ಲಿ ಬರೋ ಸೇವೆ ಆದ್ರೆ ಚೀಟಿಲಿ ಜಿಎಸ್‌ಸಿ ಅಂತ ಅರ್ಜಿ ನಂಬರ್ ಇರುತ್ತೆ. ತಡ ಆದ್ರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚಂದ್ರೆ 500. ಅದ್ರಿಂದ ಯಾರೂ ಶ್ರೀಮಂತರಾಗಲ್ಲ ಬಿಡಿ, ಆದ್ರೆ ನಂಬರ್ ಇದ್ರೆ ಫೈಲ್ ಕಾಣೆ ಆಗಲ್ಲ.

ಕೌಂಟರ್ ಮುಂದೆ

ಕುರ್ಚಿ ಒಂದೇ ಇದ್ರೆ ಅಜ್ಜಿ ಕೂರ್ಲಿ, ನೀವು ನಿಂತ್ಕೊಳ್ಳಿ. ಕೇಸ್ ವರ್ಕರ್ ನಿಮ್ಮ ಮುಖ ನೋಡ್ಕೊಂಡು "ಇವ್ರಿಗೆ ಎಷ್ಟು ಮಕ್ಳು?" ಅಂತ ಕೇಳೇ ಕೇಳ್ತಾರೆ, ನೀವು ಅಜ್ಜಿ ಕಡೆ ತಿರುಗಿ, ಅವ್ರೇ ಹೇಳ್ಲಿ. ಎರಡು ಸಲ ಹಿಂಗೆ ಮಾಡಿದ್ರೆ ಮೂರನೇ ಪ್ರಶ್ನೆ ನೇರವಾಗಿ ಅಜ್ಜಿಗೇ ಬರುತ್ತೆ. ಕಿವಿ ಕೇಳಲ್ಲ ಅಂದ್ರೆ ಪ್ರಶ್ನೆನ ಇದ್ದ ಹಾಗೇ ಜೋರಾಗಿ ಹೇಳಿ, ಉತ್ತರ ಸೇರಿಸ್ಬೇಡಿ. ಮತ್ತೆ ಅಲ್ಲಿ ಹೊರಗಡೆ "ನಾನ್ ಮಾಡಿಸ್ಕೊಡ್ತೀನಿ, 2000 ಕೊಡಿ" ಅಂತ ಬರೋರ ಜೊತೆ ಟೀ ಕೂಡ ಕುಡೀಬೇಡಿ.

ಮಗ ನೋಡ್ಕೊಳ್ತಿಲ್ಲ ಅಂದ್ರೆ

2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಅರ್ಜಿ ಕೊಡೋದು ಉಪವಿಭಾಗಾಧಿಕಾರಿಗೆ, ಅಂದ್ರೆ ಎಸಿ ಆಫೀಸಿಗೆ, ಅಲ್ಲೇ ಟ್ರಿಬ್ಯುನಲ್. ಅಜ್ಜಿಗೆ ಆಗಲ್ಲ ಅಂದ್ರೆ ಅವ್ರು ಒಪ್ಪಿ ಬರ್ಕೊಟ್ಟ ಯಾರು ಬೇಕಾದ್ರೂ ಅವ್ರ ಪರ ಅರ್ಜಿ ಹಾಕ್ಬೋದು ಅಂತ ಕಾಯ್ದೆಲೇ ಇದೆ (ಆ ಪತ್ರದ ಬೆಲೆ ಇಲ್ಲಿ ಗೊತ್ತಾಗುತ್ತೆ). ನೋಟಿಸ್ ಜಾರಿ ಆದ್ಮೇಲೆ 90 ದಿನದಲ್ಲಿ ಮುಗಿಸ್ಬೇಕು, ತೀರಾ ಅಂದ್ರೆ ಇನ್ನೊಂದು 30 ದಿನ. ಜೀವನಾಂಶ ತಿಂಗಳಿಗೆ 10,000 ತನಕ. ಮಗ ಮಾತ್ರ ಅಲ್ಲ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳೂ ಬರ್ತಾರೆ.

ಮನೆ ವಾಪಸ್ ಬೇಕು ಅಂದ್ರೆ ಅದೇ ಕಾಯ್ದೆಯ 23ನೇ ಸೆಕ್ಷನ್. ಇಲ್ಲಿ ಅಜ್ಜಿಗೆ ಸುಳ್ಳು ಆಸೆ ಕೊಡ್ಬೇಡಿ. ಕಾಯ್ದೆ ಬಂದ್ಮೇಲೆ ಆದ ದಾನಪತ್ರ ಆಗಿರ್ಬೇಕು, ನೋಡ್ಕೊಳ್ತೀನಿ ಅನ್ನೋ ಷರತ್ತಿನ ಮೇಲೆ ಕೊಟ್ಟಿದ್ದು ಅಂತ ತೋರಿಸ್ಬೇಕು, ಷರತ್ತಿನ ಮಾತೇ ಇಲ್ಲದ ಕೇಸಲ್ಲಿ 2022ರಲ್ಲಿ ಆಸ್ತಿ ಕೊಟ್ಟೋರು ಸುಪ್ರೀಂ ಕೋರ್ಟಲ್ಲೇ ಸೋತಿದ್ದಾರೆ. ಅದಕ್ಕೇ ಮೊದಲು ಸಬ್‌ರಿಜಿಸ್ಟ್ರಾರ್ ಆಫೀಸಿಂದ ಪತ್ರದ ನಕಲು ತೆಗೆಸಿ, ಒಂದೊಂದು ಸಾಲೂ ಓದಿ, ಆಮೇಲೆ ವಕೀಲರಿಗೆ ತೋರಿಸಿ. ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವ್ರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಫ್ರೀ, ನಂಬರ್ 15100. ಮನೇಲಿ ಹೊಡ್ತ ಬಡ್ತ ಇದ್ರೆ ಅರ್ಜಿ ಗಿರ್ಜಿ ಆಮೇಲೆ, ಮೊದಲು 112. ಸಲಹೆಗೆ 14567, ಎಲ್ಡರ್‌ಲೈನ್ ಅನ್ನೋ ಹಿರಿಯರ ಸಹಾಯವಾಣಿ.

ಮಾನಸಿಕ ಕಾಯಿಲೆ ಇರೋರ ಜೊತೆ ನಿಲ್ಲೋದಾದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಬೇರೇನೇ ದಾರಿ ಇದೆ, ಅವ್ರು ಬಿಳಿ ಹಾಳೇಲಿ ಸಹಿ ಇಲ್ಲಾ ಹೆಬ್ಬೆಟ್ಟು ಹಾಕಿ ಒಪ್ಪಿದ ವಯಸ್ಕರು ಯಾರನ್ನ ಬೇಕಾದ್ರೂ ತಮ್ಮ ನಾಮನಿರ್ದೇಶಿತ ಪ್ರತಿನಿಧಿ, ಅಂದ್ರೆ ಚಿಕಿತ್ಸೆ ವಿಷಯದಲ್ಲಿ ತಮ್ಮ ಪರ ನಿಲ್ಲೋರು, ಅಂತ ಮಾಡ್ಕೋಬೋದು, ಸಂಬಂಧಿಕರೇ ಆಗ್ಬೇಕು ಅಂತಿಲ್ಲ.

ದುಡ್ಡು, ಫೈಲು, ಮನಸ್ಸು ಬದಲಾದ್ರೆ

ಎಟಿಎಂ ಕಾರ್ಡ್, ಪಿನ್ ಮುಟ್ಲೇಬೇಡಿ, ಅಜ್ಜಿ "ನೀನೇ ಇಟ್ಕೋ ಮಗಾ" ಅಂತ ಕೊಟ್ರೂನು. ಬ್ಯಾಂಕಿಗೆ ಜೊತೆ ಹೋಗಿ, ದುಡ್ಡು ಅವ್ರೇ ಎಣಿಸ್ಲಿ. ಆಟೋ, ಜೆರಾಕ್ಸ್ ಖರ್ಚು ಒಂದು ಪುಸ್ತಕದಲ್ಲಿ ಬರೀರಿ, ಯಾರು ಕೊಟ್ರು ಅಂತಾನೂ. ಒರಿಜಿನಲ್ ಎಲ್ಲಾ ಅಜ್ಜಿ ಟ್ರಂಕಲ್ಲೇ ಇರ್ಲಿ, ನಿಮ್ಮ ಹತ್ರ ಜೆರಾಕ್ಸ್ ಸಾಕು.

ಎಸಿ ಆಫೀಸಲ್ಲಿ ಕೊಟ್ಟ ಡೇಟಿನ ಹಿಂದಿನ ದಿನ ಅಜ್ಜಿ "ಬೇಡ ಕಣೋ, ನನ್ ಮಗನೇ ಅಲ್ವಾ" ಅಂತ ಹಿಂದೆ ಸರಿಯೋದು ಮಾಮೂಲಿ. ಮಗ ಹೆದರಿಸಿದ್ನಾ ಅಂತ ಮತ್ತೆ ಒಬ್ರೇ ಇರುವಾಗ ಕೇಳಿ. ಇಲ್ಲ, ನಿಜವಾಗ್ಲೂ ಬೇಡ ಅಂದ್ರೆ ಅರ್ಜಿ ವಾಪಸ್ ತಗೊಳ್ಳೋಕೂ ನೀವೇ ಜೊತೆ ಹೋಗಿ, ಪೆನ್ಶನ್ ಕೆಲಸ ಮಾತ್ರ ಮುಂದುವರ್ಸಿ.