ಡಿಎನ್‌ಎಯಲ್ಲಿ ಹುದುಗಿರುವ ಹಳೇ ವೈರಸ್ಸನ್ನು ಕಣ್ಣಾರೆ ನೋಡುವುದು ಹೇಗೆ

ಮನುಷ್ಯನ ಡಿಎನ್‌ಎಯಲ್ಲಿ ನೂರಕ್ಕೆ ಸುಮಾರು 8 ಪಾಲು ಹಳೇ ರೆಟ್ರೊವೈರಸ್ಸುಗಳ ಅವಶೇಷ. ಪ್ರೋಟೀನಿಗೆ ನೇರವಾಗಿ ಬೇಕಾದ ಭಾಗ ನೂರಕ್ಕೆ ಎರಡು ಪಾಲೂ ಇಲ್ಲ. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ, ತೆರೆದು ನೋಡುವವರು ಕಡಿಮೆ. ನೋಡುವುದಕ್ಕೆ ಲ್ಯಾಬ್ ಬೇಡ, ದುಡ್ಡೂ ಬೇಡ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಎರಡು ಗಂಟೆ ಬಿಡುವು ಇದ್ದರೆ ಆಯಿತು. ಮೊಬೈಲಿನಲ್ಲಿ ಒದ್ದಾಡಬೇಡಿ, ಪರದೆ ಸಾಲುವುದಿಲ್ಲ.

ಮೊದಲು ಏನನ್ನು ಹುಡುಕುತ್ತಿದ್ದೇವೆ ಎಂಬುದು ಗೊತ್ತಿರಲಿ. ರೆಟ್ರೊವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ಕೋಶದ ಕ್ರೋಮೋಸೋಮಿನೊಳಗೆ ಸೇರಿಕೊಳ್ಳುತ್ತದೆ. ಸೇರಿದ್ದು ಅಂಡಾಣು ಅಥವಾ ವೀರ್ಯಾಣು ಆಗುವ ಕೋಶದಲ್ಲಾದರೆ, ಪಿತ್ರಾರ್ಜಿತ ಆಸ್ತಿಯಂತೆ ಮಕ್ಕಳು ಮೊಮ್ಮಕ್ಕಳಿಗೂ ಇಳಿಯುತ್ತದೆ. ಹೀಗೆ ಕೂತ ವೈರಸ್ಸಿನ ಎರಡು ತುದಿಯಲ್ಲೂ ಎಲ್‌ಟಿಆರ್ ಎಂಬ ಒಂದೇ ಬಗೆಯ ಅಕ್ಷರಸಾಲು (ಡಿಎನ್‌ಎ ಬರೆದಿರುವ ಎ, ಸಿ, ಜಿ, ಟಿ ಎಂಬ ಅಕ್ಷರಗಳ ಸಾಲು) ಇರುತ್ತದೆ. ನಡುವೆ ಗ್ಯಾಗ್, ಪೋಲ್, ಎನ್ವ್ ಎಂಬ ಮೂರು ಜೀನುಗಳು. ಎನ್ವ್ ಎಂದರೆ ವೈರಸ್ಸಿನ ಹೊರಕವಚದ ಪ್ರೋಟೀನ್.

ಅಭ್ಯಾಸಕ್ಕೆ ಏಳನೇ ಕ್ರೋಮೋಸೋಮಿನ ಇಆರ್‌ವಿಡಬ್ಲ್ಯು-1 (ERVW-1) ಎಂಬ ವೈರಸ್ ಅವಶೇಷ ಒಳ್ಳೆಯದು. 2000ದಲ್ಲಿ ವಿಜ್ಞಾನಿಗಳು ಇದರ ಕೆಲಸವನ್ನು ಗುರುತಿಸಿದರು. ಇದರ ಎನ್ವ್ ಜೀನ್ ಇಂದಿಗೂ ಕೆಟ್ಟಿಲ್ಲ. ಅದು ಕೊಡುವ ಸಿನ್ಸಿಟಿನ್-1 ಎಂಬ ಪ್ರೋಟೀನ್, ಬಸುರಿನಲ್ಲಿ ಜರಾಯುವಿನ, ಅಂದರೆ ಮಾಸಿನ, ಕೋಶಗಳನ್ನು ಒಂದಕ್ಕೊಂದು ಬೆಸೆಯುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯ ಜೀನೋಮ್ ಬ್ರೌಸರ್ (ಇಡೀ ಡಿಎನ್‌ಎಯನ್ನು ನಕ್ಷೆಯಂತೆ ತೋರಿಸುವ ಜಾಲತಾಣ) ತೆರೆದು, ಮನುಷ್ಯನ ಡಿಎನ್‌ಎ ನಕ್ಷೆಯ ಹೆಚ್‌ಜಿ38 ಆವೃತ್ತಿ ಆರಿಸಿ. ಹಳೆಯ ಹೆಚ್‌ಜಿ19ರಲ್ಲಿ ವಿಳಾಸದ ಅಂಕಿಗಳೇ ಬೇರೆ. ಒಂದರ ವಿಳಾಸ ಹಿಡಿದು ಇನ್ನೊಂದರಲ್ಲಿ ಹುಡುಕಿದರೆ ಸಂಬಂಧವೇ ಇಲ್ಲದ ಜಾಗಕ್ಕೆ ಹೋಗಿ ನಿಲ್ಲುತ್ತೀರಿ. ಹುಡುಕುವ ಪೆಟ್ಟಿಗೆಯಲ್ಲಿ ಜೀನಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವಿನ ಅಡ್ಡಗೆರೆ ಬಿಡದೆ ಟೈಪ್ ಮಾಡಿ. ಬಂದ ಚಿತ್ರದಲ್ಲಿ ಪಟ್ಟಿಗಳ ಸಂತೆ ಇರುತ್ತದೆ. ಹೈಡ್ ಆಲ್ ಒತ್ತಿ ಎಲ್ಲವನ್ನೂ ತೆಗೆದುಹಾಕಿ. ಆಮೇಲೆ ಎರಡನ್ನು ಮಾತ್ರ ವಾಪಸ್ ತನ್ನಿ: ಜೀನುಗಳನ್ನು ತೋರಿಸುವ ಜೆನ್‌ಕೋಡ್, ಮತ್ತು ರಿಪೀಟ್ಸ್ ಗುಂಪಿನಲ್ಲಿರುವ, ಮತ್ತೆ ಮತ್ತೆ ಬರುವ ತುಂಡುಗಳನ್ನು ಹೆಸರಿಟ್ಟು ತೋರಿಸುವ ರಿಪೀಟ್‌ಮಾಸ್ಕರ್. ಎರಡನೆಯದನ್ನು ಪ್ಯಾಕ್‌ಗೆ ಹಾಕಿ. ಡೆನ್ಸ್‌ನಲ್ಲೇ ಬಿಟ್ಟರೆ ಎಲ್ಲವೂ ಒಂದರ ಮೇಲೊಂದು ಬಿದ್ದು ಬರೀ ಮಸಿಗೆರೆ ಕಾಣುತ್ತದೆ. ಒಂದೂವರೆ ಪಟ್ಟು ಹಿಂದೆ ಸರಿದರೆ ಸುಮಾರು 10 ಸಾವಿರ ಅಕ್ಷರಗಳ ಇಡೀ ವೈರಸ್ ಚೌಕಟ್ಟಿನೊಳಗೆ ಬರುತ್ತದೆ.

ಈಗ ಹೆಸರುಗಳನ್ನು ಓದಿ. ಎಲ್‌ಟಿಆರ್17, ಮಧ್ಯೆ ಹೆಚ್‌ಇಆರ್‌ವಿ17-ಇಂಟ್ ಎಂಬ ತುಣುಕುಗಳು, ಮತ್ತೆ ಎಲ್‌ಟಿಆರ್17. ಜೀನಿನ ಹೆಸರಿನಲ್ಲಿ ಡಬ್ಲ್ಯು ಇದ್ದು ಇಲ್ಲಿ 17 ಬಂತಲ್ಲ ಎಂದು ಗಲಿಬಿಲಿಯಾಗಬೇಡಿ; ಒಂದೇ ಮನೆತನಕ್ಕೆ ಎರಡು ಕಡೆ ಎರಡು ಹೆಸರು. ಇಂಟ್ ಎಂದರೆ ಒಳಭಾಗ. ಪಕ್ಕದಲ್ಲೇ ಎಂಎಎಲ್‌ಆರ್ ಗುಂಪಿಗೆ ಸೇರಿದ ಇನ್ನೊಂದು ಎಲ್‌ಟಿಆರ್ ತುಂಡು ಕಾಣುತ್ತದೆ. ಅದು ಈ ವೈರಸ್ಸಿನದಲ್ಲ, ಇದಕ್ಕೂ ಹಳೆಯ ಗಿರಾಕಿ. ತಮಾಷೆಯೆಂದರೆ ಜರಾಯುವಿನಲ್ಲಿ ಈ ಜೀನನ್ನು ಚಾಲೂ ಮಾಡುವ ಸ್ವಿಚ್ಚಿನ ಒಂದು ಭಾಗ ಆ ತುಂಡಿನಲ್ಲೇ ಇದೆ.

ಹೊಸಬರು ಎಡವುವುದು ಹೆಚ್ಚಾಗಿ ದಿಕ್ಕಿನಲ್ಲಿ. ಈ ಜೀನ್ ಡಿಎನ್‌ಎಯ ಎರಡು ಎಳೆಗಳಲ್ಲಿ ಮೈನಸ್ ಎಳೆಯಲ್ಲಿದೆ, ಅಂದರೆ ಶುರುವಾಗುವುದು ಪರದೆಯ ಬಲಗಡೆಯಿಂದ. ವ್ಯೂ ಮೆನುವಿನ ಡಿಎನ್‌ಎ ಆಯ್ಕೆಯಿಂದ ಅಕ್ಷರಗಳನ್ನು ತೆಗೆಯುವಾಗ ರಿವರ್ಸ್ ಕಾಂಪ್ಲಿಮೆಂಟ್ (ಎದುರು ಎಳೆಯ ಸಾಲನ್ನು ಅದರ ದಿಕ್ಕಿನಲ್ಲಿ ಕೊಡುವ) ಪೆಟ್ಟಿಗೆಗೆ ಟಿಕ್ ಹಾಕಿ. ಹಾಗೆ ತೆಗೆದ ಸಾಲನ್ನು ಅಮೆರಿಕದ ಎನ್‌ಸಿಬಿಐ ತಾಣದ ಓಆರ್‌ಎಫ್‌ಫೈಂಡರ್‌ಗೆ, ಅಂದರೆ ನಡುವೆ ತುಂಡಾಗದೆ ಪ್ರೋಟೀನ್ ಕೊಡಬಲ್ಲ ಸಾಲುಗಳನ್ನು ಹುಡುಕುವ ಸಾಧನಕ್ಕೆ, ಅಂಟಿಸಿ, ಕನಿಷ್ಠ ಉದ್ದ 600 ಅಕ್ಷರ ಎಂದು ಕೊಡಿ. 30ರಲ್ಲೋ 75ರಲ್ಲೋ ಬಿಟ್ಟರೆ ಕಸಕಡ್ಡಿಯೆಲ್ಲ ಜೀನಿನಂತೆ ಕಂಡು ತಲೆ ಕೆಡುತ್ತದೆ. 538 ಅಮೈನೋ ಆಮ್ಲಗಳ ಒಂದು ಸಾಲು ಸಿಗಬೇಕು. ಒಂದು ಅಮೈನೋ ಆಮ್ಲಕ್ಕೆ ಮೂರು ಅಕ್ಷರ, ಆದ್ದರಿಂದ 538ನ್ನು ಮೂರರಿಂದ ಗುಣಿಸಿ, ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ನಿಲುಗಡೆಯ ಮೂರು ಅಕ್ಷರ ಸೇರಿಸಿ: 1,617 ಅಕ್ಷರ. ಅದೇ ಎನ್ವ್. ಗ್ಯಾಗ್, ಪೋಲ್ ಎರಡೂ ನಡುನಡುವೆ ನಿಲುಗಡೆ ಬಿದ್ದು ಚೂರಾಗಿವೆ. 538 ಬರಲಿಲ್ಲವೆಂದರೆ ಟಿಕ್ ಹಾಕುವುದನ್ನು ಮರೆತಿರಿ ಎನ್ನುವ ಹಾಗಿಲ್ಲ, ಓಆರ್‌ಎಫ್‌ಫೈಂಡರ್ ಎರಡೂ ಎಳೆಗಳನ್ನು ನೋಡುತ್ತದೆ. ಹೆಚ್ಚಿನಂಶ ತುದಿ ಕತ್ತರಿಸಿಹೋಗಿರುತ್ತದೆ. ಚೌಕಟ್ಟು ಅಗಲ ಮಾಡಿ ಮತ್ತೆ ತೆಗೆಯಿರಿ.

ಮುಂದಿನದು ವಯಸ್ಸು. ವೈರಸ್ ಒಳಸೇರಿದ ದಿನ ಎರಡೂ ಎಲ್‌ಟಿಆರ್‌ಗಳು ಅಕ್ಷರಕ್ಕೆ ಅಕ್ಷರ ಒಂದೇ. ಆಮೇಲೆ ಎರಡೂ ತಮ್ಮ ಪಾಡಿಗೆ ತಪ್ಪುಗಳನ್ನು ಕೂಡಿಸಿಕೊಳ್ಳುತ್ತ ಹೋಗುತ್ತವೆ. ಪ್ರತಿ ಎಲ್‌ಟಿಆರ್ ಮೇಲೆ ಕ್ಲಿಕ್ ಮಾಡಿ, ಬರುವ ಪುಟದಿಂದ ಅದರ ಅಕ್ಷರಸಾಲು ತೆಗೆದು, ಎರಡನ್ನೂ ಎಂಬಾಸ್ ನೀಡಲ್ ಎಂಬ, ಸಾಲುಗಳನ್ನು ಹೋಲಿಸುವ ಆನ್‌ಲೈನ್ ಸಾಧನದಲ್ಲಿ ಜೋಡಿಸಿ. ಹೋಲಿಕೆ ಶೇಕಡಾ 50ರ ಆಸುಪಾಸು ಬಂದರೆ ಒಂದು ಸಾಲು ತಿರುಗುಮುರುಗಾಗಿದೆ ಎಂದೇ ಅರ್ಥ. ಸರಿಬಂದ ಮೇಲೆ ಖಾಲಿಬಿಟ್ಟ ಜಾಗಗಳನ್ನು ಬಿಟ್ಟು, ಬೇರೆಯಾದ ಅಕ್ಷರಗಳನ್ನಷ್ಟೇ ಎಣಿಸಿ. ಲೆಕ್ಕ ತೋರಿಸಲಿಕ್ಕೆಂದು ಹೇಳುವುದಾದರೆ, 950 ಅಕ್ಷರಗಳಲ್ಲಿ 19 ಬೇರೆಯಾಗಿದ್ದರೆ ವ್ಯತ್ಯಾಸ ಶೇಕಡಾ 2. ಒಂದು ಎಲ್‌ಟಿಆರ್ ಹತ್ತು ಲಕ್ಷ ವರ್ಷಕ್ಕೆ ಶೇಕಡಾ 0.22ರಷ್ಟು ಬದಲಾಗುತ್ತದೆ ಎಂದು ಹಿಡಿದರೆ ಎರಡೂ ಸೇರಿ 0.44. ಆ ಶೇಕಡಾ 2ನ್ನು 0.44ರಿಂದ ಭಾಗಿಸಿದರೆ ಸುಮಾರು 45 ಲಕ್ಷ ವರ್ಷ. ದರ ಬದಲಿಸಿದರೆ ವಯಸ್ಸೂ ಬದಲಾಗುತ್ತದೆ, ಆದ್ದರಿಂದ ಒಂದೇ ಅಂಕಿ ಹೇಳದೆ ಇಷ್ಟರಿಂದ ಇಷ್ಟು ಎನ್ನುವುದೇ ಪ್ರಾಮಾಣಿಕ ಉತ್ತರ.

ಎಲ್‌ಟಿಆರ್ ಪುಟದಲ್ಲೇ ಡೈವರ್ಜೆನ್ಸ್ ಎಂದು ಒಂದು ಶೇಕಡಾ ಅಂಕಿ ಇರುತ್ತದೆ. ಕೆಲಸ ಉಳಿಯಿತೆಂದು ಅದನ್ನೇ ಎತ್ತಿಕೊಂಡು ಲೆಕ್ಕ ಮಾಡುವವರಿದ್ದಾರೆ. ಅದು ಇಡೀ ಮನೆತನದ ಸರಾಸರಿ ಮಾದರಿಯಿಂದ ಈ ತುಂಡು ಎಷ್ಟು ದೂರ ಎಂಬುದು. ಎರಡು ತುದಿಗಳ ನಡುವಿನ ವ್ಯತ್ಯಾಸ ಅಲ್ಲವೇ ಅಲ್ಲ. ಇನ್ನೊಂದು ತೊಡಕು, ಕೆಲವೊಮ್ಮೆ ಒಂದು ಎಲ್‌ಟಿಆರ್ ಇನ್ನೊಂದರ ಮೇಲೆ ನಕಲಾಗಿ ಬಿಡುತ್ತದೆ. ಆಗ ಮುದುಕ ವೈರಸ್ ಎಳೆಯದಾಗಿ ಕಾಣುತ್ತದೆ.

ಅದಕ್ಕೇ ಎರಡನೇ ಸಾಕ್ಷಿ ಬೇಕು: ನಮ್ಮ ನೆಂಟರು. ಬ್ರೌಸರಿನಲ್ಲೇ ಬೇರೆ ಪ್ರಾಣಿಗಳ ಡಿಎನ್‌ಎಯನ್ನು ನಮ್ಮದರೊಂದಿಗೆ ಜೋಡಿಸಿ ತೋರಿಸುವ ಕನ್ಸ್ 30 ಪ್ರೈಮೇಟ್ಸ್ ಪಟ್ಟಿ ತೆರೆದು, ಇದೇ ಜಾಗದಲ್ಲಿ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್‌ಗಳಲ್ಲಿ ಏನಿದೆ ನೋಡಿ. ಸಿನ್ಸಿಟಿನ್-1 ಈ ವಾನರ ಬಳಗದ ಜೀನ್. ಮಕಾಕ್‌ನಂಥ ಕೋತಿಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಮನೆತನಕ್ಕೆ ಸೇರಿದ ವೈರಸ್ ಎಲ್ಲೋ ಇದೆ ಎಂಬುದು ಸಾಕ್ಷಿಯಾಗದು; ಅದೇ ಜಾಗ, ಅದೇ ಅಕ್ಕಪಕ್ಕ ಇದ್ದರೆ ಮಾತ್ರ ಪೂರ್ವಜನೊಬ್ಬನಿಂದ ಬಂದದ್ದೆಂದು ಹೇಳಬಹುದು.

ಕೈ ಪಳಗಿದ ಮೇಲೆ ಟೇಬಲ್ ಬ್ರೌಸರ್‌ಗೆ ಹೋಗಿ, ರಿಪೀಟ್‌ಮಾಸ್ಕರ್ ಕೋಷ್ಟಕದಲ್ಲಿ ವರ್ಗ ಎಲ್‌ಟಿಆರ್ ಎಂದು ಸೋಸಿ ಒಂದಿಡೀ ಕ್ರೋಮೋಸೋಮಿನ ಪಟ್ಟಿ ಇಳಿಸಿಕೊಳ್ಳಿ. ಲೈನ್, ಆಲು ಎಂಬ ಡಿಎನ್‌ಎ ತುಂಡುಗಳೂ ನಕಲಾಗುತ್ತ ಹರಡಿದವೇ, ಆದರೆ ವೈರಸ್ಸಲ್ಲ, ಸೇರಿಸಿಕೊಳ್ಳಬೇಡಿ. ಪಟ್ಟಿಯಲ್ಲಿ ಬಹುಪಾಲು ಒಂಟಿ ಎಲ್‌ಟಿಆರ್‌ಗಳೇ ಸಿಗುತ್ತವೆ. ಎರಡು ತುದಿಗಳು ಒಂದಕ್ಕೊಂದು ಕೂಡಿಕೊಂಡು ನಡುವಿನದು ಹಾರಿಹೋದ ಜಾಗಗಳು ಅವು. ಜೋಡಿ ಇಲ್ಲದ್ದರಿಂದ ಮೇಲಿನ ವಯಸ್ಸಿನ ಲೆಕ್ಕ ಅವಕ್ಕೆ ನಡೆಯುವುದಿಲ್ಲ.

ಎಂಜಲು ಕೊಟ್ಟು ಮಾಡಿಸುವ ವಂಶಾವಳಿ ಪರೀಕ್ಷೆಯ ಫೈಲಿನಲ್ಲಿ ಇದನ್ನೆಲ್ಲ ಹುಡುಕಬೇಡಿ. ಅದರಲ್ಲಿ ಇರುವುದು ಅಲ್ಲೊಂದು ಇಲ್ಲೊಂದು ಆರಿಸಿದ ಕೆಲವು ಲಕ್ಷ ಅಕ್ಷರಗಳು ಮಾತ್ರ. ಪೂರ್ತಿ ಜೀನೋಮ್ ಓದಿಸಿದರೂ 150 ಅಕ್ಷರಗಳ ಚಿಕ್ಕ ತುಣುಕುಗಳಾದರೆ, ಒಂದೇ ತುಣುಕು ನೂರು ಜಾಗಕ್ಕೆ ಹೊಂದುತ್ತದೆ. ಉದ್ದುದ್ದ ಓದುವ ವಿಧಾನವೇ ಬೇಕು. ಹೆಚ್‌ಇಆರ್‌ವಿ-ಕೆ113ರಂಥ ಹಳೇ ವೈರಸ್ಸುಗಳು ಕೆಲವರಲ್ಲಿವೆ, ಕೆಲವರಲ್ಲಿಲ್ಲ. ಬ್ರೌಸರಿನಲ್ಲಿರುವುದು ಬೆರಳೆಣಿಕೆಯ ಜನರ ಡಿಎನ್‌ಎ ಸೇರಿಸಿ ಹೊಲಿದ ಮಾದರಿ. ಅಲ್ಲಿ ಕಾಣದ ವೈರಸ್ ನಿಮ್ಮಲ್ಲಿ ಇರಬಹುದು.