ಬೋರ್ಡಿನ ಜ್ವರ ನೋಡುವ ಕ್ಯಾಮೆರಾ

ರಿಪೇರಿಗೆ ಬಂದ ಬೋರ್ಡಿನ 3.3 ವೋಲ್ಟ್ ಲೈನಿಗೂ ಗ್ರೌಂಡಿಗೂ (ಕರೆಂಟ್ ವಾಪಸ್ ಹೋಗುವ ದಾರಿಗೂ) ಮಲ್ಟಿಮೀಟರ್ ಹಿಡಿದರೆ 0.6 ಓಮ್. ಶಾರ್ಟ್ ಇದೆ, ಅಂದರೆ ಎಲ್ಲೋ ಎರಡೂ ನೇರ ಕೂಡಿಕೊಂಡಿವೆ, ಅನುಮಾನವೇ ಇಲ್ಲ. ಆದರೆ ಆ ಲೈನಿನ ಮೇಲೆ ನಲವತ್ತಕ್ಕೂ ಜಾಸ್ತಿ ಸೆರಾಮಿಕ್ ಕೆಪ್ಯಾಸಿಟರ್‌ಗಳು, ಎಲ್ಲವೂ ಪ್ಯಾರಲಲ್, ಅಂದರೆ ಪ್ರತಿಯೊಂದೂ ಅದೇ ಲೈನಿಗೂ ಗ್ರೌಂಡಿಗೂ ನಡುವೆ. ಯಾವುದರ ಮೇಲೆ ಪ್ರೋಬ್ ಇಟ್ಟರೂ ಮೀಟರ್ ಅದೇ ಮಾತು ಹೇಳುತ್ತದೆ. ಹಿಂದೆಲ್ಲ ಇಂಥ ಬೋರ್ಡ್ ಬಂದರೆ ಒಂದೊಂದೇ ಕಿತ್ತು ನೋಡುತ್ತಿದ್ದೆ. ಇಲ್ಲವೇ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಎಲ್ಲಿ ಮೊದಲು ಒಣಗುತ್ತದೆ ಅಂತ ಕಣ್ಣಿಟ್ಟು ಕೂರುತ್ತಿದ್ದೆ. ಬೆರಳಿಟ್ಟು ನೋಡಿ ಸುಟ್ಟುಕೊಂಡದ್ದೂ ಉಂಟು.

ಈ ಸಲ ಫೋನಿಗೆ ಸಿಕ್ಕಿಸುವ ಪುಟ್ಟ ಥರ್ಮಲ್ ಕ್ಯಾಮೆರಾ (ಶಾಖವನ್ನು ಚಿತ್ರವಾಗಿ ತೋರಿಸುವಂಥದ್ದು) ಕೈಯಲ್ಲಿತ್ತು. 256×192 ಪಿಕ್ಸೆಲ್, ಅಗ್ಗದ್ದು. ಬೇಕಾದಷ್ಟೇ ವೋಲ್ಟೇಜು, ಕರೆಂಟ್ ಕೊಡುವ ಬೆಂಚ್ ಸಪ್ಲೈಯನ್ನು 1 ವೋಲ್ಟ್‌ಗೆ ಇಟ್ಟು, ಕರೆಂಟ್ 1 ಆಂಪ್ ದಾಟದಂತೆ ಕಟ್ಟಿಹಾಕಿ, ನೇರ ಆ ಲೈನಿಗೇ ಕೊಟ್ಟೆ. 1 ಆಂಪ್, 0.6 ಓಮ್, ಅಂದರೆ 0.6 ವ್ಯಾಟ್. ಕೇಳುವುದಕ್ಕೆ ಏನೂ ಅಲ್ಲ. ಆದರೆ ಸಾಸಿವೆ ಕಾಳಿನಷ್ಟಿರುವ ಕೆಪ್ಯಾಸಿಟರ್‌ಗೆ ಅದು ಕಾದ ಬಾಣಲೆ. ಎರಡೇ ಸೆಕೆಂಡಿಗೆ ಪರದೆಯ ಮೇಲೆ ಒಂದು ಬಿಳಿ ಚುಕ್ಕಿ. ಅದನ್ನು ತೆಗೆದೆ, ಶಾರ್ಟ್ ಹೋಯಿತು.

3.3 ವೋಲ್ಟ್ ಲೈನಿಗೆ 1 ವೋಲ್ಟ್ ಯಾಕೆ ಅಂದರೆ, ಬಿಸಿಗೆ ಶಾರ್ಟ್ ತಾನಾಗೇ ಬಿಟ್ಟುಕೊಂಡರೆ ಸಪ್ಲೈಯ ಪೂರ್ತಿ ವೋಲ್ಟೇಜು ಉಳಿದ ಚಿಪ್‌ಗಳ ಮೇಲೆ ಬೀಳುತ್ತದೆ. ಆಗ ಅದು ಅವು ತಡೆಯುವಷ್ಟೇ ಇರಬೇಕು, ಅಲ್ವಾ? ಇನ್ನೊಂದು: ನೋಡಬೇಕಾದ್ದು ಮೊದಲ ಎರಡು ಮೂರು ಸೆಕೆಂಡುಗಳನ್ನೇ. ಬೋರ್ಡಿನೊಳಗಿನ ತಾಮ್ರದ ಪದರಗಳು ಶಾಖವನ್ನು ಬೇಗ ಹಂಚಿಬಿಡುತ್ತವೆ. ಹತ್ತು ಸೆಕೆಂಡ್ ತಡ ಮಾಡಿದರೆ ಚುಕ್ಕಿಯ ಬದಲು ಒಂದು ಮೋಡ ಕಾಣುತ್ತದೆ. ಹಾಗಾಗಿ ಮೊದಲು ರೆಕಾರ್ಡಿಂಗ್ ಶುರು ಮಾಡಿ, ಆಮೇಲೆ ಕರೆಂಟ್ ಕೊಡುತ್ತೇನೆ.

ಹೊಸದರಲ್ಲಿ ಈ ಕ್ಯಾಮೆರಾ ನನ್ನನ್ನು ಚೆನ್ನಾಗಿಯೇ ಆಟ ಆಡಿಸಿತು. ಒಂದು ಲೋಹದ ಮುಚ್ಚಳದ ಮೇಲೆ ಬಿಸಿ ಚುಕ್ಕಿ ಕಂಡು, ಅದನ್ನು ಕಿತ್ತೇ ಬಿಟ್ಟಿದ್ದೆ. ಒಳಗೆ ಎಲ್ಲವೂ ಸರಿ. ಮುಚ್ಚಳ ವಾಪಸ್ ಇಟ್ಟಾಗಲೂ ಚುಕ್ಕಿ ಇತ್ತು, ನಾನು ತಲೆ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತಿತ್ತು. ಅದು ನನ್ನದೇ ಮುಖದ ಶಾಖ! ಹೊಳೆಯುವ ಲೋಹ ಈ ಕ್ಯಾಮೆರಾಕ್ಕೆ ಕನ್ನಡಿ ಇದ್ದ ಹಾಗೆ. ತನ್ನ ಬಿಸಿಯನ್ನು ಹೊರಗೆ ತೋರಿಸುವುದು ಕಡಿಮೆ, ಎದುರಿನದ್ದನ್ನು ಪ್ರತಿಫಲಿಸುವುದೇ ಜಾಸ್ತಿ. ಸೋಲ್ಡರ್ ಕೂಡ ಹಾಗೇ. ಐಸಿಯ (ಚಿಪ್‌ನ) ಕಪ್ಪು ಮೈ, ಬೋರ್ಡಿನ ಹಸಿರು ಲೇಪ ಇವು ನಂಬಿಕಸ್ಥರು. ಲೋಹದ ಭಾಗದ ಬಿಸಿ ತಿಳಿಯಲೇಬೇಕಾದರೆ ಒಂದು ಚೂರು ಇನ್ಸುಲೇಷನ್ ಟೇಪ್ ಅಂಟಿಸಿ ಟೇಪನ್ನು ನೋಡುತ್ತೇನೆ. ಈಗ ಕರೆಂಟ್ ಕೊಡುವ ಮೊದಲೇ ಒಂದು ಚಿತ್ರ ತೆಗೆದಿಡುವ ಅಭ್ಯಾಸ ಆಗಿದೆ. ಆಗಲೇ ಹೊಳೆಯುತ್ತಿದ್ದದ್ದು ಲೆಕ್ಕಕ್ಕಿಲ್ಲ. ಪರದೆ ತೋರಿಸುವ ಡಿಗ್ರಿಗಳನ್ನಂತೂ ನಾನು ಪೂರ್ತಿ ನಂಬುವುದಿಲ್ಲ. ನನಗೆ ಬೇಕಾದ್ದು ಅಕ್ಕಪಕ್ಕದ ವ್ಯತ್ಯಾಸ ಮಾತ್ರ.

ಇದಕ್ಕಿಂತ ದೊಡ್ಡ ಪಾಠ ಒಂದು ರೆಗ್ಯುಲೇಟರ್‌ದು. 12 ವೋಲ್ಟ್ ತೆಗೆದುಕೊಂಡು 5 ವೋಲ್ಟ್ ಕೊಡುವ ಲೀನಿಯರ್ ರೆಗ್ಯುಲೇಟರ್, ಪರದೆಯ ಮೇಲೆ ಕೆಂಡದ ಹಾಗೆ ಕಾಣುತ್ತಿತ್ತು. ಬದಲಾಯಿಸಿದೆ. ಹೊಸದೂ ಕೆಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ. ನಡುವಿನ 7 ವೋಲ್ಟನ್ನು ಶಾಖ ಮಾಡಿ ಕಳೆಯುವುದೇ ಅದರ ಕೆಲಸ. 0.2 ಆಂಪ್ ಹರಿದರೆ 1.4 ವ್ಯಾಟ್, ಅಲ್ಲಿ 0.5 ಆಂಪ್ ಹರಿದು 3.5 ವ್ಯಾಟ್ ಆಗಿತ್ತು. ಹಾಗಾದರೆ ಅಷ್ಟು ಕರೆಂಟ್ ಎಳೆಯುತ್ತಿರುವವರು ಯಾರು? ರೆಗ್ಯುಲೇಟರ್ ಬಿಚ್ಚಿಟ್ಟು, ಹೊರಗಿನಿಂದ 5 ವೋಲ್ಟ್ ಕೊಟ್ಟೆ. ಕೆಂಡ ಹೋದ ಮೇಲೆ ಪರದೆಯ ಬಣ್ಣಗಳು ಹೊಸದಾಗಿ ಹೊಂದಿಕೊಂಡವು. ಆಗ ದೂರದ ಮೂಲೆಯಲ್ಲಿ ಒಂದು ಡ್ರೈವರ್ ಐಸಿ ಮೆಲ್ಲಗೆ ಬೆಚ್ಚಗಾಗುತ್ತಿರುವುದು ಕಂಡಿತು. ಅದರ ಹೊಟ್ಟೆ ಗ್ರೌಂಡ್ ತಾಮ್ರಕ್ಕೆ ಅಂಟಿಕೊಂಡಿದ್ದರಿಂದ ಬಿಸಿ ಹೊರಗೆ ಕಾಣುತ್ತಲೇ ಇರಲಿಲ್ಲ.

ತಣ್ಣಗಿರುವುದನ್ನೂ ನೋಡಬೇಕು. ಸತ್ತ ಬೋರ್ಡಿನ ಪಕ್ಕ ಅದೇ ಮಾದರಿಯ ಚೆನ್ನಾಗಿರುವ ಬೋರ್ಡ್ ಇಟ್ಟು ಎರಡಕ್ಕೂ ಒಟ್ಟಿಗೆ ಕರೆಂಟ್ ಕೊಟ್ಟರೆ, ಯಾವ ಚಿಪ್ ಎದ್ದೇ ಇಲ್ಲ ಅಂತ ಗೊತ್ತಾಗುತ್ತದೆ.

ಹತ್ತಿರದಿಂದ ನೋಡುವುದು ಬೇರೆಯೇ ತಾಪತ್ರಯ. ನನ್ನ ಕ್ಯಾಮೆರಾದ ಫೋಕಸ್ ಬದಲಾಯಿಸಲು ಆಗುವುದಿಲ್ಲ, ಹತ್ತಿರ ಹೋದರೆ ಎಲ್ಲ ಮಸುಕು. ಭೂತಗನ್ನಡಿ ಹಿಡಿದು ನೋಡಿದೆ, ಬರೀ ಗಾಜು ಕಂಡಿತು. ಈ ಕ್ಯಾಮೆರಾ ನೋಡುವ ಶಾಖದ ಕಿರಣಗಳು ಗಾಜನ್ನು ದಾಟುವುದಿಲ್ಲ. ಕೊನೆಗೆ ಲೇಸರ್ ಕಟಿಂಗ್ ಯಂತ್ರಗಳಲ್ಲಿ ಬಳಸುವ ಜಿಂಕ್ ಸೆಲಿನೈಡ್ ಲೆನ್ಸ್ ಒಂದನ್ನು ಮುಂದೆ ಕೂರಿಸಿಕೊಂಡೆ. ಈಗ ಸಣ್ಣ ರೆಸಿಸ್ಟರ್ ಕೂಡ ಬಿಡಿಯಾಗಿ ಕಾಣುತ್ತದೆ. ಆ ಲೆನ್ಸ್ ಒಡೆದರೆ ಪುಡಿ ವಿಷ, ಅದಕ್ಕೇ ಜೋಪಾನ.

ಕಳೆದ ವಾರದ ಬೋರ್ಡ್‌ಗೆ ಮಾತ್ರ ಇದು ಯಾವುದೂ ನಡೆಯಲಿಲ್ಲ. ಶಾರ್ಟ್ ಎಷ್ಟು ಗಟ್ಟಿಯಾಗಿತ್ತು ಅಂದರೆ, 2 ಆಂಪ್ ಕೊಟ್ಟರೂ ಬೋರ್ಡ್ ತಣ್ಣಗೇ ಇತ್ತು, ನನ್ನ ಸಪ್ಲೈಯ ವೈರ್ ಬಿಸಿಯಾಯಿತು. ಕ್ಯಾಮೆರಾ ಪಕ್ಕಕ್ಕಿಟ್ಟೆ. ಅದೇ ಕರೆಂಟ್ ಹರಿಯಲು ಬಿಟ್ಟು, ಲೈನಿನುದ್ದಕ್ಕೂ ಮಿಲಿವೋಲ್ಟ್ ಅಳೆಯುತ್ತಾ ಹೋದೆ. ಎಲ್ಲಿ ಅತಿ ಕಡಿಮೆ ಬಂತೋ ಅಲ್ಲೊಂದು ಐಸಿ. ಅದರ ಎರಡು ಕಾಲುಗಳ ನಡುವೆ ಕೂದಲೆಳೆಯಷ್ಟು ಸೋಲ್ಡರ್.